ಗುಂಗುರು ಕೂದಲಿಗೂ ಒಂದು ಪಂಚಾಂಗ

‘ಕೂದಲಿದ್ದವಳು ಹೇಗೆ ಕಟ್ಟಿದರೂ ಚೆಂದ’ ಎಂಬ ಗಾದೆ ಹೇಳಿದವರ ಮನೆಯಲ್ಲಿ ಗುಂಗುರು ಕೂದಲಿನ ಹೆಣ್ಣುಮಕ್ಕಳು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ, ಬೆಳಿಗ್ಗೆ ಏಳೂವರೆ ಗಂಟೆಗೆ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಮಗಳ ತಲೆ ಹಿಡಿದು, ಒಲೆಯ ಮೇಲಿನ ಹಾಲಿನ ಕಡೆಗೆ ಒಂದು ಕಣ್ಣಿಟ್ಟು ನಿಂತ ತಾಯಿಯನ್ನು ನೋಡಿ ಗಾದೆಯನ್ನು ಸ್ವಲ್ಪ ತಿದ್ದುತ್ತಿದ್ದರು. ಬಾಚಿದಷ್ಟೂ ಉಬ್ಬುವ, ಕಟ್ಟಿದ ಅರ್ಧ ಗಂಟೆಗೆ ಕಿವಿಯ ಪಕ್ಕದಿಂದ ಇಣುಕುವ, ಮೋಡ ಕವಿದರೆ ನಮಗಿಂತ ಮೊದಲೇ ಸುದ್ದಿ ತಿಳಿದುಕೊಳ್ಳುವ ಕೂದಲು ಅದು. ನನ್ನ ತಲೆಯ ಮೇಲೂ ಐವತ್ತು ವರ್ಷಗಳಿಂದ ಅದೇ ಇದೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಭಾಷೆಗೆ ಗುಂಗುರು ಕೂದಲಿನ ಮೇಲೆ ಎಷ್ಟು ಪ್ರೀತಿ ನೋಡಿ. ಕುರುಳು ಎಂಬ ಸೊಗಸಾದ ಪದವಿದೆ. ಹಣೆಯ ಮೇಲೆ ಬಿದ್ದರೆ ಮುಂಗುರುಳು. ಅದಿಲ್ಲದೆ ನಮ್ಮ ಕವಿಗಳಿಗೆ ನಾಯಕಿಯೇ ಇಲ್ಲ. ಬೇಲೂರಿನ ಮದನಿಕೆಯರನ್ನು ಕಡೆದ ಶಿಲ್ಪಿಗಳು ಕಲ್ಲಿನಲ್ಲೂ ಕುರುಳುಗಳನ್ನು ಬಿಡಿಸಿಟ್ಟಿದ್ದಾರೆ. ಆದರೆ ಹಣೆಯ ಮೇಲಿನ ಆ ಎರಡು ಎಳೆಯೇ ತಲೆಯ ತುಂಬ ಹರಡಿಕೊಂಡರೆ ಕವಿತೆ ಮುಗಿದು ಬೈಗುಳ ಶುರುವಾಗುತ್ತದೆ. ಗುಬ್ಬಚ್ಚಿ ಗೂಡು, ಪಾತ್ರೆ ಉಜ್ಜುವ ನಾರು, ಕೆದರಿದ ಪೊರಕೆ. ನಾನು ಚಿಕ್ಕವಳಿದ್ದಾಗ ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯ ಆಶ್ರಮಕ್ಕೆ ಸತ್ಯ ಸಾಯಿಬಾಬಾ ಬರುತ್ತಿದ್ದ ಕಾಲ. ಹಲಸೂರು, ಕೆ.ಆರ್.ಪುರದ ಕಡೆ ಗುಂಗುರು ಕೂದಲಿನ ಮಕ್ಕಳಿಗೆಲ್ಲ ‘ಬಾಬಾ’ ಎಂಬ ಅಡ್ಡಹೆಸರು ಖಾಯಂ. ಹೇಳುವವರು ಭಕ್ತಿಯಿಂದ ಹೇಳುತ್ತಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಅಮ್ಮ ನನ್ನ ತಲೆಗೆ ಕಾಲು ಪಾವು ಎಣ್ಣೆ ಸುರಿದು, ಮಂಡಿಯ ನಡುವೆ ಕೂರಿಸಿಕೊಂಡು, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ನೆತ್ತಿಯಿಂದ ಕೆಳಗೆ ಎಳೆಯುತ್ತಿದ್ದಳು. ವರ್ಷಕ್ಕೆ ನಾಲ್ಕು ಬಾಚಣಿಗೆಯಾದರೂ ಮುರಿಯುತ್ತಿತ್ತು. ವಿಚಿತ್ರವೆಂದರೆ, ಅಲ್ಲಿಂದ ಒಂದು ಮೈಲಿ ದೂರದ ಕಾಕ್ಸ್‌ ಟೌನಿನಲ್ಲಿ ನನ್ನ ಸಹಪಾಠಿಯೊಬ್ಬಳ ಆಂಗ್ಲೋ-ಇಂಡಿಯನ್ ಮನೆಯಿತ್ತು. ಅವಳ ದೊಡ್ಡಮ್ಮ ಶನಿವಾರ ರಾತ್ರಿ ತಲೆತುಂಬ ಕರ್ಲರ್ ಸುತ್ತಿಕೊಂಡು ಮಲಗುತ್ತಿದ್ದರು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವಾಗ ಕೂದಲು ಅಲೆಅಲೆಯಾಗಿ ಕಾಣಬೇಕು! ನಮ್ಮಮ್ಮ ಸುರುಳಿ ಬಿಡಿಸಲು ಪಡುತ್ತಿದ್ದಷ್ಟೇ ಪಾಡನ್ನು ಅವರು ಸುರುಳಿ ಸುತ್ತಲು ಪಡುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ನಾನು ಬಿ.ಎ. ಓದುವಾಗ ‘ಪರ್ಮಿಂಗ್’ ಎಂಬುದು ಬಂತು. ನೇರ ಕೂದಲಿನ ಗೆಳತಿಯರು ಬ್ಯೂಟಿ ಪಾರ್ಲರಿಗೆ ದುಡ್ಡು ತೆತ್ತು ಗುಂಗುರು ಮಾಡಿಸಿಕೊಂಡು ಬಂದರು. ನನಗೆ ದೇವರು ಪುಕ್ಕಟೆಯಾಗಿ ಕೊಟ್ಟಿದ್ದನ್ನು ಅವರು ಕೊಂಡುತಂದರು ಎಂದು ಒಂದೆರಡು ವರ್ಷ ಬೀಗಿದೆ. ಆಮೇಲೆ ಅದೇ ಪಾರ್ಲರುಗಳಲ್ಲಿ ಸ್ಟ್ರೈಟನಿಂಗ್ ಬಂತು, ನನ್ನ ಬಿಂಕ ಇಳಿಯಿತು.

ಫ್ಯಾಷನ್ ಬದಲಾಗುತ್ತದೆ, ಕೂದಲಿನ ಸ್ವಭಾವ ಬದಲಾಗುವುದಿಲ್ಲ. ಆ ಸ್ವಭಾವವನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ಜಗಳ ಮುಗಿದಂತೆ. ನೇರ ಕೂದಲಿನ ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಗುಂಗುರು ಎಳೆ ಚಪ್ಪಟೆ, ಮೊಟ್ಟೆಯಾಕಾರ. ಅದು ಹುಟ್ಟುವ ಕುಳಿಯೇ ಚರ್ಮದೊಳಗೆ ಬಾಗಿರುತ್ತದೆ. ನೆತ್ತಿಯಲ್ಲಿ ಊರುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಸಲೀಸಾಗಿ ಇಳಿದರೆ, ಗುಂಗುರು ಕೂದಲಿನಲ್ಲಿ ಆಗುಂಬೆ ಘಾಟಿ ಇಳಿಯುವ ಬಸ್ಸಿನಂತೆ ತಿರುವು ತಿರುವಿನಲ್ಲೂ ತಡೆಯುತ್ತದೆ. ಅದಕ್ಕೇ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಪ್ರತಿ ತಿರುವಿನಲ್ಲೂ ಎಳೆ ಬಲಹೀನ; ಒಣಗಿದಾಗ ಬಾಚಿದರೆ ಮುರಿಯುವುದು ಅಲ್ಲೇ. ಇನ್ನು ಗಾಳಿಯಲ್ಲಿ ತೇವ ಹೆಚ್ಚಾದರೆ ಒಣಗಿದ ಎಳೆ ಅದನ್ನು ಹೀರಿಕೊಂಡು ಉಬ್ಬುತ್ತದೆ. ಅದು ಹಟವಲ್ಲ, ಬಾಯಾರಿಕೆ. ಇಷ್ಟು ತಿಳಿದ ಮೇಲೆ, ನಮ್ಮ ಹಿರಿಯರ ಪಂಚಾಂಗದಲ್ಲಿ ಬೇಸಿಗೆಯ ಬಾಗಿಲಿಗೆ ಯುಗಾದಿಯ ಅಭ್ಯಂಜನವನ್ನೂ ಚಳಿಯ ಬಾಗಿಲಿಗೆ ದೀಪಾವಳಿಯ ಅಭ್ಯಂಜನವನ್ನೂ ಇಟ್ಟದ್ದು ನನಗೆ ಬಲು ಜಾಣತನವೆನ್ನಿಸಿತು.

ಬೇಸಿಗೆಯಿಂದಲೇ ಆರಂಭಿಸೋಣ. ಬೇಸಿಗೆ ಎಂದರೆ ಮಲ್ಲಿಗೆ. ಮಾರ್ಚ್ ಕಳೆದರೆ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತ ಮಲ್ಲಿಗೆ, ಕನಕಾಂಬರ, ಮರುಗದ ವಾಸನೆ ಮೀನಿನ ವಾಸನೆಯೊಂದಿಗೆ ಪೈಪೋಟಿಗೆ ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಹಲಸೂರಿನಲ್ಲಿ ಹೂವಿನ ಪಲ್ಲಕ್ಕಿಗಳು ಹೊರಡುತ್ತವೆ. ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹೊಲಿಸಿ, ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವ ಕಾಲ. ಒಂದು ಗುಟ್ಟು ಹೇಳುತ್ತೇನೆ, ಮೊಗ್ಗಿನ ಜಡೆಗೆ ಗುಂಗುರು ಕೂದಲಿನಷ್ಟು ಒಗ್ಗುವ ಕೂದಲು ಬೇರೆಯಿಲ್ಲ. ನುಣುಪಾದ ಜಡೆಯಿಂದ ಬಾಳೆಪಟ್ಟೆಯ ಮೇಲೆ ಹೊಲಿದ ಹೂವು ಮೆಲ್ಲಗೆ ಜಾರುತ್ತದೆ, ಹತ್ತು ಪಿನ್ನು ಬೇಕು. ಗುಂಗುರು ಜಡೆ ಎರಡು ಪಿನ್ನಿಗೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ದಿನನಿತ್ಯಕ್ಕಾದರೆ ಬೇಸಿಗೆಯಲ್ಲಿ ಕುತ್ತಿಗೆ ಬಿಟ್ಟು ಎತ್ತರಕ್ಕೆ ಕಟ್ಟಿದ ಸಡಿಲ ತುರುಬು, ಅದರ ಸುತ್ತ ಒಂದು ಮೊಳ ಮಲ್ಲಿಗೆ. ಕೂದಲೇ ದಪ್ಪವಿರುವುದರಿಂದ ಒಳಗೆ ಚೌರಿ ಇಡುವ ಗೋಜಿಲ್ಲ. ಬೆವರು ನೆತ್ತಿಯಲ್ಲಿ ನಿಲ್ಲದಂತೆ ವಾರಕ್ಕೆರಡು ಸಲ ತಲೆಗೆ ನೀರು. ದಾಸವಾಳದ ಎಲೆ ಕಿವುಚಿದ ಲೋಳೆ ಅಥವಾ ಲೋಳೆಸರ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆದರೆ ಸಿಕ್ಕು ಬೆರಳಿಗೇ ಬಿಡುತ್ತದೆ.

ಬೆಂಗಳೂರಿನ ಮಳೆ ಹೇಗೆಂದು ನಿಮಗೆ ಗೊತ್ತು. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆಯ ಗುಡುಗಿನ ಮಳೆ, ಜೂನಿನಿಂದ ಮುಂಗಾರು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜೋರು. ಗುಂಗುರು ಕೂದಲಿಗೆ ಇದು ಪರೀಕ್ಷೆಯ ಕಾಲ. ಮಳೆಗಾಲದ ಮೊದಲ ನಿಯಮ, ಒದ್ದೆ ಕೂದಲನ್ನು ಬಿಗಿಯಾಗಿ ಕಟ್ಟಬಾರದು. ಒಳಗೆ ಒಣಗದೆ ವಾಸನೆ ಹಿಡಿಯುತ್ತದೆ, ಹೊಟ್ಟು ಹೆಚ್ಚುತ್ತದೆ. ಎರಡನೆಯದು, ಒರಟಾದ ಟರ್ಕಿ ಟವೆಲಿನಲ್ಲಿ ಗಸಗಸ ಉಜ್ಜಬಾರದು. ಮೆತ್ತಗಾದ ಹಳೆಯ ಪಂಚೆಯಲ್ಲಿ ಹಿಂಡಿ ಒತ್ತಿ ನೀರು ತೆಗೆಯಬೇಕು. ಮೂರನೆಯದು, ಬಾಚುವುದಿದ್ದರೆ ಒದ್ದೆ ಇದ್ದಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರುಮಾಡಿ ಬುಡಕ್ಕೆ. ನಮ್ಮಮ್ಮ ಮಾಡುತ್ತಿದ್ದುದಕ್ಕೆ ಸರಿಯಾಗಿ ತಿರುಗುಮುರುಗು! ಉಬ್ಬು ಇಳಿಸಲು ಅಂಗಡಿಯ ಜೆಲ್ ಬೇಕಿಲ್ಲ. ಒಂದು ಚಮಚ ಅಗಸೆ ಬೀಜವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ಮೊಟ್ಟೆಯ ಬಿಳಿಯಂಥ ಲೋಳೆ ಸಿಗುತ್ತದೆ. ಒದ್ದೆ ಕೂದಲಿಗೆ ಅದನ್ನು ಸವರಿ, ಅಂಗೈಯಲ್ಲಿ ಕೂದಲನ್ನು ಮೇಲಕ್ಕೆ ಮುದುಡಿ ಬಿಟ್ಟರೆ ಸುರುಳಿ ಸುರುಳಿಯಾಗಿ ಒಣಗುತ್ತದೆ. ಮಾಡಿದ ಲೋಳೆ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಮಳೆಗಾಲಕ್ಕೆ ಒಪ್ಪುವುದು ಸಡಿಲವಾದ ಒಂಟಿ ಜಡೆ, ಇಲ್ಲವೆ ಅರ್ಧ ಕೂದಲು ಹಿಂದಕ್ಕೆ ಕಟ್ಟಿ ಉಳಿದದ್ದನ್ನು ಬಿಡುವುದು.

ಮನೆಯಲ್ಲಿರುವವರಿಗೆ, ಆಫೀಸಿಗೆ ಹೋಗುವವರಿಗೆ ಈ ಸ್ವಾತಂತ್ರ್ಯ ಉಂಟು. ಶಾಲೆಗೆ ಹೋಗುವ ಮಕ್ಕಳಿಗೆ? ಮುಂಗಾರು ಮತ್ತು ಶಾಲೆ ನಮ್ಮಲ್ಲಿ ಜೊತೆಜೊತೆಗೇ ಶುರುವಾಗುತ್ತವೆ. 2018ರ ಜೂನ್ ತಿಂಗಳಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಎಂಟನೇ ತರಗತಿಗೆ ಒಬ್ಬ ಹುಡುಗಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದಳು. ಏಳನೇ ತರಗತಿಯಲ್ಲಿ ಅವಳಿಗೆ ಸೊಂಪಾದ, ಒತ್ತಾದ, ಸ್ಪ್ರಿಂಗಿನಂತೆ ಸುತ್ತಿಕೊಂಡ ಕೂದಲಿತ್ತು. ತಂದೆ ತಾಯಿ ಯಲ್ಲಾಪುರದ ಕಡೆಯ ಸಿದ್ದಿ ಜನ. ತಂದೆಗೆ ಇಂದಿರಾನಗರದಲ್ಲಿ ಡ್ರೈವರ್ ಕೆಲಸ. ನಮ್ಮ ಶಾಲೆಯ ನಿಯಮದ ಪುಸ್ತಕದಲ್ಲಿ ‘ಹುಡುಗಿಯರು ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ, ಎರಡು ಜಡೆ ಹಾಕಿ, ಮಡಿಸಿ ರಿಬ್ಬನ್ ಕಟ್ಟಿರಬೇಕು’ ಎಂದಿತ್ತು. ಆ ಕೂದಲು ಮಡಿಸುವಷ್ಟು ಉದ್ದ ಇಳಿಯುವುದಿಲ್ಲ, ನುಣ್ಣಗೆ ಕೂರುವುದಂತೂ ಇಲ್ಲವೇ ಇಲ್ಲ. ಏಳನೇ ತರಗತಿಯಲ್ಲಿ ವಾರಕ್ಕೆರಡು ಸಲವಾದರೂ ಪ್ರಾರ್ಥನೆಯ ಸಾಲಿನಿಂದ ಅವಳನ್ನು ಪಕ್ಕಕ್ಕೆ ನಿಲ್ಲಿಸಿದ್ದರು. ಬೇಸಿಗೆ ರಜೆ ಮುಗಿಯುವ ಮುನ್ನ ಅವಳ ತಾಯಿ ಕ್ಷೌರದಂಗಡಿಗೆ ಕರೆದುಕೊಂಡು ಹೋಗಿ ಪೂರ್ತಿ ತೆಗೆಸಿಬಿಟ್ಟರು.

ನಾನು ತಾಯಿಯನ್ನು ಕರೆಸಿ ಕೇಳಿದೆ. ಬೆಂಗಳೂರಿನವರು ‘ಮಿಸ್’ ಎನ್ನುವಲ್ಲಿ ಅವರು ತಮ್ಮ ಊರಿನಂತೆ ‘ಅಕ್ಕೋರೆ’ ಎಂದರು. “ಅಕ್ಕೋರೆ, ನಾನು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕು. ಇವಳ ತಲೆ ಬಾಚೋದಕ್ಕೆ ಒಂದು ತಾಸು ಬೇಕು. ಬಾಚಿದರೂ ಶಾಲೆಯಲ್ಲಿ ಬೈತಾರೆ. ಕೂದಲೇ ಇಲ್ಲದಿದ್ದರೆ ಯಾರೂ ಬೈಯೋದಿಲ್ಲವಲ್ಲ?” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮುಗಿಸಿದ ದನಿ ಇತ್ತು.

ಹುಡುಗಿ ಚುರುಕು. ಗಣಿತದಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಆ ಜೂನಿನಿಂದ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಎರಡು ಕೈಯೂ ಸ್ಕಾರ್ಫಿನ ಮೇಲೆ. ಹಿಂದಿನ ಬೆಂಚಿನವರು ಎಳೆದುಬಿಟ್ಟರೆ ಎಂಬ ಭಯ. ಆಟದ ಪೀರಿಯಡ್ಡಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಕೂದಲಿನ ಮಾತು ಬರಿ ಅಂದಚೆಂದದ ಮಾತು ಎನ್ನುವವರು ಆ ಹುಡುಗಿಯನ್ನು ಒಂದು ವಾರ ನೋಡಬೇಕಿತ್ತು.

ಆಗಸ್ಟಿನ ಸ್ಟಾಫ್ ಮೀಟಿಂಗಿನಲ್ಲಿ ನಾನು ವಿಷಯ ಎತ್ತಿದೆ. ನಿಯಮ ಬೇಡವೆನ್ನಲಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಕೂದಲು ಕಟ್ಟಿಕೊಂಡಿದ್ದರೆ ಹೇನು ಹರಡುವುದು ಕಡಿಮೆ, ಲ್ಯಾಬಿನಲ್ಲಿ ದೀಪಕ್ಕೆ ತಾಗುವುದಿಲ್ಲ, ಪುಸ್ತಕದ ಮೇಲೆ ಬೀಳುವುದಿಲ್ಲ. ನಿಯಮದ ಉದ್ದೇಶ ಇಷ್ಟೇ ತಾನೇ? ಹಾಗಾದರೆ ‘ನುಣ್ಣಗೆ ಬಾಚಿ ಎರಡು ಜಡೆ’ ಎನ್ನುವುದನ್ನು ತೆಗೆದು ‘ಶುಚಿಯಾಗಿಟ್ಟು, ಮುಖದ ಮೇಲೆ ಬೀಳದಂತೆ ಕಟ್ಟಿರಬೇಕು’ ಎಂದು ಬರೆಯೋಣ ಎಂದೆ. “ನಾಳೆ ಎಲ್ಲರೂ ಫ್ಯಾಷನ್ ಮಾಡಿಕೊಂಡು ಬಂದರೆ ಏನು ಮಾಡುತ್ತೀರಿ ಮೇಡಂ?” ಎಂದರು ಒಬ್ಬರು. ನಾನು ಸುದ್ದಿಯಲ್ಲಿ ಓದಿದ್ದನ್ನು ಹೇಳಿದೆ. 2016ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಪ್ಪು ಹುಡುಗಿಯರ ಕೂದಲನ್ನು ಅಶಿಸ್ತು ಎಂದು ಕರೆದಾಗ ಅವರು ಪ್ರತಿಭಟನೆಗೆ ನಿಂತರು, ಕೊನೆಗೆ ಅಲ್ಲಿನ ಶಿಕ್ಷಣ ಇಲಾಖೆಯೇ ಆ ನಿಯಮವನ್ನು ತಡೆಹಿಡಿಯಿತು. ನಮ್ಮ ಹುಡುಗಿ ಪ್ರತಿಭಟನೆ ಮಾಡುವವಳಲ್ಲ, ತಲೆ ಬೋಳಿಸಿಕೊಂಡು ಬಂದಿದ್ದಾಳೆ, ಇದನ್ನೇ ಪ್ರತಿಭಟನೆ ಎಂದುಕೊಳ್ಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೂರು ಮೀಟಿಂಗು ಹಿಡಿಯಿತು, ಕಡೆಗೆ ಆ ಸಾಲು ಬದಲಾಯಿತು. ಮರುವರ್ಷ, 2019ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹುಟ್ಟುಗೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಕಾನೂನನ್ನೇ ಮಾಡಿತು ಎಂದು ಓದಿದಾಗ, ನಮ್ಮ ಸ್ಟಾಫ್ ರೂಮಿನವರು ಅವರಿಗಿಂತ ಮುಂದಿದ್ದರಲ್ಲ ಎಂದು ಒಬ್ಬಳೇ ನಕ್ಕೆ.

ನಿಯಮ ಬದಲಾದರೆ ಸಾಕೇ? ಆ ಕೂದಲನ್ನು ನೋಡಿಕೊಳ್ಳುವ ವಿದ್ಯೆಯೂ ಬೇಕಲ್ಲ. ನನ್ನ ಕೂದಲು ಅಲೆ, ಅವಳದು ಬಿಗಿ ಸ್ಪ್ರಿಂಗ್. ನನ್ನ ಉಪಾಯಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಡಿಸೆಂಬರ್ ಹೊತ್ತಿಗೆ ಅವಳದು ಎಳೆದರೆ ಮೂರು ಇಂಚು, ಬಿಟ್ಟರೆ ಒಂದು ಇಂಚು. ಕೆ.ಆರ್.ಪುರದಲ್ಲಿ ನಾವಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಆಗ ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಬಾಡಿಗೆಗಿದ್ದಳು. ನಮ್ಮ ಕಡೆ, ಕಮ್ಮನಹಳ್ಳಿ ಹೆಣ್ಣೂರಿನ ಕಡೆ ಓದಲು ಬಂದ ಆಫ್ರಿಕದ ಮಕ್ಕಳು ಬಹಳ. ಮನೆ ಮಾಲೀಕರು ಅವರಿಗೆ ಎಷ್ಟು ಪ್ರಶ್ನೆ ಕೇಳುತ್ತಾರೆಂಬುದು ಬೇರೆ ಕತೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅವಳ ತಲೆಯ ಮೇಲೆ ಹೊಸ ಹೊಸ ಜಡೆಯ ವಿನ್ಯಾಸ ನೋಡುತ್ತಿದ್ದೆ. ಕ್ರಿಸ್‌ಮಸ್ ರಜೆಯಲ್ಲಿ ತಾಯಿ ಮಗಳನ್ನು ಮನೆಗೆ ಕರೆಸಿ, ಅವಳನ್ನು ಕೆಳಗೆ ಕರೆದೆ.

ಅವಳು ಹುಡುಗಿಯನ್ನು ನೋಡಿ ಕಣ್ಣರಳಿಸಿ, ನೀನು ಯಾವ ದೇಶದವಳು ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಯಲ್ಲಾಪುರ” ಎಂದಳು ನಮ್ಮ ಹುಡುಗಿ, ಒಂದಿಷ್ಟೂ ಅಳುಕಿಲ್ಲದೆ. ಎಲ್ಲರೂ ನಕ್ಕೆವು. ಆಮೇಲೆ ನಾನು ನಮ್ಮ ಇತಿಹಾಸದ ಒಂದು ಪುಟವನ್ನು ಆ ವಿದ್ಯಾರ್ಥಿನಿಗೆ ಹೇಳಬೇಕಾಯಿತು. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕದ ಕರಾವಳಿಯಿಂದ ಗುಲಾಮರನ್ನು ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡಿಗೆ ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಡೆ ನೆಲೆಸಿದರು. 2003ರಲ್ಲಿ ಅವರನ್ನು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮುಂದೆ 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹುಡುಗಿಯೂ ಅವಳ ತಾಯಿಯೂ ನನ್ನ ಪಾಠವನ್ನು ಮೌನವಾಗಿ ಕೇಳಿದರು. ಟಾಂಜಾನಿಯಾದ ಹುಡುಗಿ ಏನೂ ಹೇಳದೆ ಕೈಗೆ ಎಣ್ಣೆ ಹಚ್ಚಿಕೊಂಡು ಕುಳಿತಳು.

ಎರಡು ತಾಸು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ತಲೆಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ಬಿಟ್ಟು ಉಳಿದದ್ದಕ್ಕೆ ಕ್ಲಿಪ್ ಹಾಕಿದಳು. ಕೈಯಲ್ಲಿ ನೀರು ಚಿಮುಕಿಸಿ, ಮೇಲೆ ಒಂದು ಬೊಟ್ಟು ಎಣ್ಣೆ. ಮೊದಲು ನೀರು, ಆಮೇಲೆ ಎಣ್ಣೆ. ಎಣ್ಣೆ ನೀರನ್ನು ಒಳಗೆ ಹಿಡಿದಿಡಬೇಕು. ತುದಿಯಿಂದ ಬೆರಳಲ್ಲೇ ಸಿಕ್ಕು ಬಿಡಿಸಿ, ನೆತ್ತಿಗೆ ಅಂಟಿದಂತೆ ಸಾಲು ಜಡೆ ಹೆಣೆದಳು. ಉತ್ತ ಹೊಲದ ಸಾಲಿನಂತೆ ಹಣೆಯಿಂದ ಕುತ್ತಿಗೆಗೆ ಎಂಟು ಸಾಲು. ಹೆಣೆಯುವಾಗ ಮಗುವಿನ ಹುಬ್ಬು ಮೇಲಕ್ಕೆ ಎಳೆದುಕೊಂಡರೆ ಜಡೆ ಬಿಗಿಯಾಯಿತೆಂದು ಅರ್ಥ, ಬಿಚ್ಚಿ ಮತ್ತೆ ಹಾಕಬೇಕು. ಬಿಗಿಯಾಗಿಯೇ ವರ್ಷಗಟ್ಟಲೆ ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರಿ ಮತ್ತೆ ಬಾರದೇ ಹೋಗಬಹುದು. (ರಿಬ್ಬನ್ನಿನ ಜಡೆಯನ್ನು ಬಿಗಿದು ಬಿಗಿದು ಹಣೆ ಅಗಲವಾದ ಎಷ್ಟು ಮಂದಿ ನಮ್ಮಲ್ಲೇ ಇಲ್ಲ!) ಈ ಜಡೆ ಎರಡು ಮೂರು ವಾರ ಇರುತ್ತದೆ, ನಡುವೆ ನೆತ್ತಿಯನ್ನಷ್ಟೇ ತೊಳೆದರೆ ಸಾಕು. ಮಲಗುವಾಗ ನುಣುಪಾದ ಬಟ್ಟೆ ಕಟ್ಟಿಕೊಳ್ಳಬೇಕು, ಹತ್ತಿಯ ದಿಂಬು ಎಣ್ಣೆ ಹೀರಿ ಕೂದಲನ್ನು ತಿಕ್ಕುತ್ತದೆ ಎಂದಳು. ನಾನು ಒಳಗೆ ಹೋಗಿ ಸೆರಗು ಹರಿದ ಹಳೆಯ ಮೈಸೂರು ರೇಷ್ಮೆ ಸೀರೆಯಿಂದ ಒಂದು ತುಂಡು ಕತ್ತರಿಸಿ ತಂದುಕೊಟ್ಟೆ. ಉಳಿದದ್ದರಲ್ಲಿ ನನಗೊಂದು ದಿಂಬಿನ ಚೀಲ ಹೊಲಿದುಕೊಂಡೆ. ಇವತ್ತಿಗೂ ಅದರ ಮೇಲೇ ಮಲಗುತ್ತೇನೆ.

ತಾಯಿ ಅಷ್ಟು ಹೊತ್ತೂ ಮಗಳ ತಲೆಯಿಂದ ಕಣ್ಣು ಕೀಳಲಿಲ್ಲ. ಎದ್ದು ಹೋಗುವಾಗ, “ಅಕ್ಕೋರೆ, ನಮ್ಮಜ್ಜಿಯೂ ಸಣ್ಣ ಸಣ್ಣ ಜಡೆ ಹಾಕ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅದು ಕಾಡಿನವರ ರೀತಿ ಅಂದುಕೊಂಡು ಬಿಟ್ಟುಬಿಟ್ಟೆವು” ಎಂದರು. ಮೂರು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಹಾಕಿದರೆ ಬೆಳಗಿನ ಆ ಒಂದು ತಾಸಿನ ರಗಳೆಯೇ ಇಲ್ಲ. ಜನವರಿಯಲ್ಲಿ ಹುಡುಗಿ ಸ್ಕಾರ್ಫ್ ಇಲ್ಲದೆ ಬಂದಳು. ಮೊದಲ ವಾರ ಎಲ್ಲರೂ ತಿರುಗಿ ನೋಡಿದರು. ಎರಡನೆಯ ವಾರ ಇಬ್ಬರು ನೇರ ಕೂದಲಿನವರು ನಮಗೂ ಹಾಗೆ ಹಾಕಿಕೊಡು ಎಂದು ಅವಳ ಹಿಂದೆ ಬಿದ್ದರು. ಮೂರನೆಯ ವಾರ ಅವಳು ಗಣಿತದ ಪೀರಿಯಡ್ಡಿನಲ್ಲಿ ಕೈ ಎತ್ತಿದಳೆಂದು ಗಣಿತದ ಮೇಷ್ಟ್ರು ತಾವಾಗಿಯೇ ಬಂದು ಹೇಳಿದರು.

ಆ ಜನವರಿಯ ಮಾತು ಬಂದದ್ದರಿಂದ ಚಳಿಗಾಲವನ್ನೂ ಹೇಳಿಬಿಡುತ್ತೇನೆ. ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮೂರಿನ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಉಬ್ಬಿದ ಕೂದಲು ಈಗ ತುದಿಯಲ್ಲಿ ಸೀಳುತ್ತದೆ. ವಾರಕ್ಕೊಂದೇ ಸ್ನಾನ ಸಾಕು, ಅದಕ್ಕೆ ಮೊದಲು ಎಣ್ಣೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯ ಒಳಗೇ ಇಳಿದು, ತೊಳೆಯುವಾಗ ಅದರ ಸತ್ವ ಸೋರದಂತೆ ತಡೆಯುತ್ತದೆ ಎಂದು ಮುಂಬಯಿಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಸೂರ್ಯಕಾಂತಿ ಎಣ್ಣೆಗೆ, ಖನಿಜ ಎಣ್ಣೆಗೆ ಆ ಗುಣ ಕಾಣಲಿಲ್ಲ. ಆದರೆ ಎಣ್ಣೆ ಬೇಕಿರುವುದು ತುದಿಗೆ. ನಾವು ಸುರಿಯುವುದು ನೆತ್ತಿಗೆ.

ಇನ್ನು ನೀರು. ಹಲಸೂರಿನಲ್ಲಿ ನಲ್ಲಿ ನೀರಲ್ಲಿ ಬೆಳೆದ ನಾನು ಮದುವೆಯಾಗಿ ಕೆ.ಆರ್.ಪುರಕ್ಕೆ ಬಂದ ವರ್ಷವೇ ಕೂದಲು ಕಡ್ಡಿಯಂತಾಯಿತು. ಕಾರಣ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿನ ಸುಣ್ಣದಂಶ ಸಾಬೂನಿನೊಂದಿಗೆ ಸೇರಿ ಕೂದಲ ಮೇಲೆ ಪದರವಾಗಿ ಕೂರುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆಗೆ ಆ ತೊಂದರೆಯಿಲ್ಲ. ಆದರೂ ಬರಿಯ ಸೀಗೆ ಒಣ ಕೂದಲಿಗೆ ಒರಟು. ಚಿಗರೆ ಪುಡಿಯನ್ನೋ ನೆನೆಸಿ ರುಬ್ಬಿದ ಮೆಂತ್ಯವನ್ನೋ ಬೆರೆಸಿ ಮೆದು ಮಾಡಿಕೊಳ್ಳಬೇಕು. ಕೊನೆಯ ತಂಬಿಗೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಸುರಿದುಕೊಂಡರೆ ಪದರ ಬಿಡುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಕಡೆಯ ಬೋರ್‌ವೆಲ್ಲುಗಳು ಬತ್ತಿ, ಬಕೆಟ್ಟಿನ ಲೆಕ್ಕದಲ್ಲಿ ಬದುಕಿದಾಗ, ತಲೆಸ್ನಾನ ಕಡಿಮೆ ಬೇಡುವ ಆ ಸಾಲು ಜಡೆಯ ಬೆಲೆ ನನಗೆ ಇನ್ನಷ್ಟು ತಿಳಿಯಿತು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊರವಲಯದ ಎಷ್ಟೋ ಮನೆಗಳ ತಲೆಗೂದಲು ಅದನ್ನು ನಂಬಿಕೊಂಡಿದೆ!

ಚಳಿಗಾಲ ಕಳೆದರೆ ಮದುವೆಗಳ ಸಾಲು, ಮದುವೆಯೆಂದರೆ ಸ್ಟ್ರೈಟನಿಂಗ್. “ಹುಡುಗನ ಕಡೆಯವರು ಫೋಟೋ ನೋಡಿ, ಕೂದಲೊಂದು ಸರಿಮಾಡಿಸಿ ಅಂದರು” ಎಂದು ನನ್ನ ಬಳಿ ಹೇಳಿಕೊಂಡ ತಾಯಂದಿರು ಎಷ್ಟೋ ಮಂದಿ. ಇನ್ನೂರು ಡಿಗ್ರಿ ಬಿಸಿಯ ಇಸ್ತ್ರಿ ಕೂದಲನ್ನು ಸುಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಣದಿರುವುದು ರಸಾಯನ. ಕೆಲವು ಕೂದಲು ನೇರ ಮಾಡುವ ದ್ರವಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಅಮೆರಿಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಹೊರಬಂತು. ಸ್ಟ್ರೈಟನರ್ ಎಂದೂ ಬಳಸದವರಲ್ಲಿ ಎಪ್ಪತ್ತರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64, ಮೇಲಿಂದ ಮೇಲೆ ಬಳಸಿದವರಲ್ಲಿ 4.05. ಒಂದರಿಂದಲೇ ಇನ್ನೊಂದು ಬಂತೆಂದು ಇದರಿಂದ ಸಾಬೀತಾಗುವುದಿಲ್ಲ, ಒಂದು ಸಲ ಮಾಡಿಸಿದವರು ಹೆದರಬೇಕಾಗಿಯೂ ಇಲ್ಲ. ಆದರೆ ಪಾರ್ಲರಿನಲ್ಲಿ ಕಣ್ಣುರಿ ಬಂದರೆ ಎದ್ದು ಬರುವ, ಬಾಟಲಿಯಲ್ಲೇನಿದೆ ಎಂದು ಕೇಳುವ ಹಕ್ಕು ನಮಗಿದೆ. ಹುಡುಗಿಗೆ ಬೇಕೆನಿಸಿದರೆ ಅದು ಅವಳ ಇಷ್ಟ. ನೋಡಲು ಬಂದವರಿಗೆ ಬೇಕೆಂದು ಮಾಡಿಸುವುದಾದರೆ, ಆರು ತಿಂಗಳಲ್ಲಿ ಬುಡದಿಂದ ಹೊಸ ಗುಂಗುರು ಬಂದೇ ಬರುತ್ತದೆಂದು ಅವರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗೀಗ ಕಾಲ ಸ್ವಲ್ಪ ತಿರುಗುತ್ತಿದೆ. 2023ರಲ್ಲಿ ಬೈಯಪ್ಪನಹಳ್ಳಿ ಕೆ.ಆರ್.ಪುರದ ನಡುವೆ ಮೆಟ್ರೊ ಓಡತೊಡಗಿದ ಮೇಲೆ ನಾನು ಹೆಂಗಸರ ಬೋಗಿಯಲ್ಲಿ ಕುಳಿತು ತಲೆಗಳನ್ನು ಎಣಿಸುವ ಚಟ ಹಚ್ಚಿಕೊಂಡಿದ್ದೇನೆ. ಹಿಂದೆ ಎಲ್ಲರದೂ ಒಂದೇ ಅಂಗಡಿಯಿಂದ ತಂದಂಥ ನೇರ ಕೂದಲು. ಈಗ ಬೋಗಿಗೆ ಐದಾರು ಮಂದಿಯಾದರೂ ಗುಂಗುರು ಕೂದಲನ್ನು ಹಾಗೇ ಬಿಟ್ಟುಕೊಂಡು, ಕಿವಿಗೆ ದೊಡ್ಡ ಓಲೆ ಹಾಕಿ, ಧೈರ್ಯವಾಗಿ ಆಫೀಸಿಗೆ ಹೋಗುತ್ತಾರೆ. ಅವರ ಪಕ್ಕ ಕೂತ ತಾಯಂದಿರು ತಮ್ಮ ಮಗಳ ತಲೆ ನೋಡಿ ಏನೋ ಯೋಚಿಸುವುದನ್ನೂ ನೋಡಿದ್ದೇನೆ.

ನಮ್ಮ ಹುಡುಗಿ ಈಗ ಡಿಗ್ರಿ ಮುಗಿಸುವ ಹಂತದಲ್ಲಿದ್ದಾಳೆ. ಭಾನುವಾರಗಳಲ್ಲಿ ತಮ್ಮ ಬೀದಿಯ ನಾಲ್ಕಾರು ಮಕ್ಕಳಿಗೆ ಜಡೆ ಹಾಕುತ್ತಾಳಂತೆ. ಒಂದು ತಲೆಗೆ ನೂರು ರೂಪಾಯಿ. ಮೊನ್ನೆ ಫೋನ್ ಮಾಡಿ, “ಮಿಸ್, ಮೆಂತ್ಯ ಎಷ್ಟು ಹೊತ್ತು ನೆನೆಯಬೇಕು?” ಎಂದು ಕೇಳಿದಳು. ರಾತ್ರಿಯಿಡೀ ಎಂದೆ. ನೀವೂ ನೆನೆಹಾಕಿಡಿ, ನಾಳೆ ಭಾನುವಾರವಾದರೆ ಇನ್ನೂ ಒಳ್ಳೆಯದು.